ಉದ್ದನಪಲ್ಲಿಯವರೆಗೆ ಚಾಚಿದ ಕೈ

ಅಥವಾ ಪರೀಕ್ಷೆಗೆಂದು ನನ್ನ ಕೈಗೆ ಬಿಳಿಯ ಡಬ್ಬಿಯೇ ಮೊದಲು ಬಂದಿತ್ತೋ ಏನೋ. ನಿನ್ನೆ ಬರೆಯಲು ಕೂತಾಗ ಕರಿಯದು ಮೊದಲು ಎಂದು ಖಚಿತವಾಗಿತ್ತು. ಇವತ್ತು ಬೆಳಿಗ್ಗೆ ಮಹಡಿಯ ಮೇಲೆ ಬಟ್ಟೆ ಒಣಹಾಕುವಾಗ ಬಿಳಿಯದರ ಅಂಚಿಗೆ ಅಂಟಿದ್ದ ನನ್ನ ಬೆರಳಿನ ಕೊಳೆ ಕಣ್ಣೆದುರು ಬಂತು. ಅಷ್ಟು ಕೊಳೆಯಾಗಬೇಕಾದರೆ ಅದು ಬಹಳ ದಿನ ನನ್ನ ಕೈಯಲ್ಲಿದ್ದಿರಬೇಕು, ಹಾಗಾದರೆ ಅದೇ ಮೊದಲನೆಯದು. ನನ್ನ ನೆನಪು ಹೀಗೇ. ಮೊದಲು ತೀರ್ಮಾನ ಮಾಡುತ್ತದೆ, ಆಮೇಲೆ ಸಾಕ್ಷಿ ಹುಡುಕಿಕೊಂಡು ಬರುತ್ತದೆ. ವಸ್ತುಗಳನ್ನು ಪರೀಕ್ಷೆ ಮಾಡಿ ವರದಿ ಬರೆಯುವ ಕೆಲಸ ಮಾಡಿದವನಿಗೆ ಇದಕ್ಕಿಂತ ಕೆಟ್ಟ ಗುಣ ಇಲ್ಲ. ಈಗ ಅದೇ ಕೆಲಸಕ್ಕೆ ಸೇರುತ್ತಿರುವವರು ಇದನ್ನು ಓದುವುದಾದರೆ, ನಾನು ಹೇಳುವ ಕ್ರಮವನ್ನು ನಂಬಬೇಡಿ. ನಡೆದದ್ದನ್ನು ಮಾತ್ರ, ಅದೂ ಸ್ವಲ್ಪ ಅನುಮಾನ ಇಟ್ಟುಕೊಂಡು ನಂಬಿ.

ಗುಲಾಬಿ ಬೆಳೆದು ಹೊರದೇಶಕ್ಕೆ ಕಳಿಸುವ ಒಂದು ಕಂಪನಿಯಲ್ಲಿ ನಾನು ಕಂಪ್ಯೂಟರುಗಳನ್ನು ನೋಡಿಕೊಳ್ಳುವವನಾಗಿದ್ದೆ. ಕಚೇರಿ ಹೊಸೂರಿನಲ್ಲಿ. ಹೂ ವಿಂಗಡಿಸುವ ಶೆಡ್ಡು ಮತ್ತು ಕೋಲ್ಡ್ ರೂಮು ಮೂರು ಕಡೆ: ಒಂದು ಉದ್ದನಪಲ್ಲಿಯಲ್ಲಿ, ಒಂದು ರಾಯಕೋಟೆಯ ಆಚೆ, ಒಂದು ಕೃಷ್ಣಗಿರಿಯ ಹೆದ್ದಾರಿ ಪಕ್ಕ. ಪ್ರತಿ ಕೋಲ್ಡ್ ರೂಮಿನ ಹೊರಗೆ ಒಂದು ಚಿಕ್ಕ ಕೋಣೆ, ಅದರಲ್ಲಿ ಒಂದು ಕಂಪ್ಯೂಟರ್. ಒಳಗಿನ ತಣುಪು ಎಷ್ಟು, ತೇವ ಎಷ್ಟು ಎಂದು ಅದು ನೋಡುತ್ತಿತ್ತು, ಯಂತ್ರಗಳಿಗೆ ಅಪ್ಪಣೆ ಕೊಡುತ್ತಿತ್ತು. ಅದು ನಿಂತರೆ ಹೂಗಳು ಬಕೆಟ್ಟಿನಲ್ಲೇ ಅರಳಿಬಿಡುತ್ತವೆ. ಅರಳಿದ ಗುಲಾಬಿಯನ್ನು ವಿಮಾನ ಹತ್ತಿಸುವುದಿಲ್ಲ. ನಮ್ಮ ವ್ಯಾಪಾರದಲ್ಲಿ ಹೂ ಮೊಗ್ಗಾಗಿಯೇ ನಿದ್ದೆ ಮಾಡುತ್ತಿರಬೇಕು. ಆ ನಿದ್ದೆ ಕಾಯುವುದೇ ನಮ್ಮೆಲ್ಲರ ಕೆಲಸ.

ಮೊದಲ ಸಲ ಆ ಕೋಲ್ಡ್ ರೂಮಿನೊಳಗೆ ನಿಂತದ್ದು ಈಗಲೂ ಕನಸಿನ ಹಾಗಿದೆ. ಹೊರಗೆ ಬಿಸಿಲು, ಒಳಗೆ ನನ್ನ ಉಸಿರು ಬೆಳ್ಳಗೆ ಹೊರಬಂದು ಕೆಂಪು ಮೊಗ್ಗುಗಳ ಮೇಲೆ ಕರಗುತ್ತಿತ್ತು. ಎಷ್ಟೋ ಸಾವಿರ ಹೂ ಇದ್ದರೂ ಸ್ವಲ್ಪವೂ ವಾಸನೆ ಇರಲಿಲ್ಲ. ಇರಲಿಲ್ಲವೋ, ಚಳಿಗೆ ನನ್ನ ಮೂಗು ಸತ್ತಿತ್ತೋ.

ಕಚೇರಿಯಲ್ಲಿ ಕೂತು ಬೇರೆ ಊರಿನ ಕಂಪ್ಯೂಟರನ್ನು ನಡೆಸುವ ಸಾಫ್ಟ್‌ವೇರುಗಳು ಆಗಲೇ ಇದ್ದವು. ಆದರೆ ಅವು ಕೆಲಸ ಮಾಡುವುದು ಕಂಪ್ಯೂಟರ್ ಪೂರ್ತಿ ಎಚ್ಚರಾದ ಮೇಲೆ. ಕರೆಂಟ್ ಹೋಗಿ ಬಂದು, ಅದು ಅರ್ಧ ಎದ್ದು, ಕಪ್ಪು ಪರದೆಯ ಮೇಲೆ ಏನೋ ಪ್ರಶ್ನೆ ಕೇಳುತ್ತಾ ನಿಂತುಬಿಟ್ಟರೆ ಹೊಸೂರಿನಲ್ಲಿ ಕೂತ ನಾನು ಕುರುಡ. ಆಗ ಬೈಕ್ ಹತ್ತಬೇಕು. ಒಂದೇ ಒಂದು ಗುಂಡಿ ಒತ್ತಲು ಉದ್ದನಪಲ್ಲಿಯವರೆಗೆ ಹೋಗಿ, ಒತ್ತಿ, ಟೀ ಕುಡಿದು ಬಂದ ದಿನಗಳಿಗೆ ಲೆಕ್ಕವಿಲ್ಲ. ಹಾಗೆ ಹೋಗಿ ಹೋಗಿ ಸಾಕಾಗಿ ಗೌರಮ್ಮನಿಗೆ ಫೋನ್ ಮಾಡತೊಡಗಿದೆ.

ಗೌರಮ್ಮ ಉದ್ದನಪಲ್ಲಿಯವಳೇ. ಮನೆಯಲ್ಲಿ ಕನ್ನಡ, ಕಲಿತದ್ದು ತಮಿಳು ಶಾಲೆಯಲ್ಲಿ ಎಂಟನೆಯವರೆಗೆ, ಶೆಡ್ಡಿನ ಹೆಂಗಸರ ಜೊತೆ ತೆಲುಗು. ಎಂಟು ವರ್ಷ ಶೆಡ್ಡಿನಲ್ಲಿ ನಿಂತುಕೊಂಡು ಗುಲಾಬಿ ಕಡ್ಡಿಗಳ ಮುಳ್ಳು ತೆಗೆದವಳು. ಕೈಗವಸು ಕೊಡುತ್ತಿದ್ದರು, ಆದರೆ ಮುಳ್ಳು ಅದನ್ನೂ ದಾಟುತ್ತಿತ್ತು. ಔಷಧಿ ನೀರು ಆ ಗಾಯಗಳಿಗೆ ಇಳಿದು ಅವಳ ಬೆರಳ ತುದಿಗಳು ಒಡೆದ ಮಣ್ಣಿನ ಹಾಗೆ ಆಗಿದ್ದವು. ಆಮೇಲೆ ಅವಳನ್ನು ಕಂಪ್ಯೂಟರ್ ಕೋಣೆಯ ಕುರ್ಚಿಗೆ ಹಾಕಿದರು. ಅರ್ಧ ಗಂಟೆಗೊಮ್ಮೆ ತಣುಪನ್ನು ಪುಸ್ತಕದಲ್ಲಿ ಬರೆಯುವುದು, ಬಾಗಿಲು ಸರಿಯಾಗಿ ಮುಚ್ಚಿದೆಯೇ ನೋಡುವುದು, ನಾನು ಫೋನ್ ಮಾಡಿದರೆ ಎತ್ತುವುದು.

"ಸಾರ್, ಎದ್ದೈತೆ. ಆದ್ರೆ ಇನ್ನೂ ಕಣ್ ಬಿಟ್ಟಿಲ್ಲ" ಎನ್ನುತ್ತಿದ್ದಳು.

"ಏನು ಬರೆದಿದೆ ಓದಮ್ಮ."

"ಪಿ, ಆರ್, ಇ, ಎಸ್ಸು, ಇನ್ನೊಂದ್ ಎಸ್ಸು. ಇವ್ರಿಗೆ ಒಂದ್ ಎಸ್ಸು ಸಾಲ್ದಾ ಸಾರ್?"

"ಆಮೇಲೆ?"

"ಆಮ್ಯಾಕೆ ಎಫ್ಫು, ಅದ್ರ ಪಕ್ಕ ಒಂದು. ಒತ್ಲಾ?"

"ಒತ್ತು."

"ಒತ್ಬುಟ್ಟೆ. ನೀಲಿ ಬತ್ತಾ ಐತೆ ಸಾರ್. ಹೋದ್ಸಲದ ನೀಲಿ ಅಲ್ಲ. ತಿಳೀ ನೀಲಿ, ಒಳ್ಳೇ ನೀಲಿ."

ಒಳ್ಳೆಯ ನೀಲಿ, ಕೆಟ್ಟ ನೀಲಿ. ಯಾವ ಕೈಪಿಡಿಯಲ್ಲೂ ಇಲ್ಲದ ಈ ವಿಂಗಡಣೆ ಒಂದು ಸಲವೂ ತಪ್ಪಲಿಲ್ಲ. ನನ್ನ ಕಣ್ಣು ಹೊಸೂರಿನಲ್ಲಿರಲಿಲ್ಲ, ಅವಳ ಮುಖದಲ್ಲಿತ್ತು. ಇದು ಈಗ ಹೊಳೆಯುತ್ತಿರುವ ಮಾತು. ಆಗ ನಾನು ಅವಳನ್ನು ಫೋನಿನ ಇನ್ನೊಂದು ತುದಿ ಎಂದಷ್ಟೇ ತಿಳಿದಿದ್ದೆ.

ನಿವೃತ್ತಿಗೆ ಒಂದು ವರ್ಷವೋ ಒಂದೂವರೆ ವರ್ಷವೋ ಉಳಿದಾಗ ಸೆಲ್ವಂ ಸಾರ್ ನನ್ನನ್ನು ಕರೆದರು. ಅವರು ಮೂರು ಘಟಕಗಳಿಗೂ ಮೇಲಿನ ಮ್ಯಾನೇಜರ್, ಧರ್ಮಪುರಿ ಕಡೆಯವರು, ಕನ್ನಡವನ್ನು ತಮಿಳಿನಲ್ಲಿ ಅದ್ದಿ ಮಾತಾಡುವವರು. ಮೇಜಿನ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ವಸ್ತು.

"ರಾಜಪ್ಪ ಸಾರ್, ಇದು ಪಾರುಂಗೊ. ತೀಪೆಟ್ಟಿ ಮಾದಿರಿ ಇದೆ ಅಲ್ವಾ? ಇದು ಹಾಕಿದ್ರೆ ನೀವು ಬೈಕಲ್ಲಿ ಹೋಗ್ಬೇಕಾಗಿಲ್ಲವಂತೆ."

ಆ ವಸ್ತುವಿನ ಕೆಲಸ ಇಷ್ಟು. ಕಂಪ್ಯೂಟರಿನಿಂದ ಮಾನಿಟರಿಗೆ ಹೋಗುವ ತಂತಿಯನ್ನು ಇದರ ಮೂಲಕ ಹಾಯಿಸಬೇಕು. ಇನ್ನೊಂದು ತಂತಿ ಕಂಪ್ಯೂಟರಿಗೆ ಚುಚ್ಚಬೇಕು. ಆಗ ಈ ಡಬ್ಬಿ ತಾನೇ ಕೀಬೋರ್ಡು, ತಾನೇ ಮೌಸು ಎಂದು ಕಂಪ್ಯೂಟರನ್ನು ನಂಬಿಸುತ್ತದೆ. ಪರದೆಯನ್ನು ನೆಟ್‌ವರ್ಕಿನ ಮೂಲಕ ನನಗೆ ಕಳಿಸುತ್ತದೆ, ನಾನು ಒತ್ತಿದ ಗುಂಡಿಯನ್ನು ಅಲ್ಲಿ ಒತ್ತುತ್ತದೆ. ಕಂಪ್ಯೂಟರ್ ಅರ್ಧ ಎಚ್ಚರಾಗಿದ್ದರೂ ಸರಿ, ಕಪ್ಪು ಪರದೆಯಲ್ಲಿ ಪ್ರಶ್ನೆ ಕೇಳುತ್ತಾ ನಿಂತಿದ್ದರೂ ಸರಿ. ಇಂಥ ಯಂತ್ರಗಳು ದೊಡ್ಡ ಕಂಪನಿಗಳಲ್ಲಿ ಮೊದಲಿನಿಂದಲೂ ಇದ್ದವು, ಆದರೆ ನಮ್ಮಂಥವರು ಮುಟ್ಟುವ ಬೆಲೆಯಲ್ಲಿರಲಿಲ್ಲ. ಈಗ ಅಂಗೈಯಲ್ಲಿ ಹಿಡಿಸುವಷ್ಟಾಗಿ, ಅಗ್ಗವಾಗಿ ಬಂದಿದ್ದವು. ಮೂರು ಬಗೆಯವನ್ನು ತರಿಸಿ ಯಾವುದು ಆಗುತ್ತದೆ ನೋಡಿ ಹೇಳಿ ಎಂದರು.

ಎದ್ದು ಬರುವಾಗ ಸೆಲ್ವಂ ಸಾರ್ ಸುಮ್ಮನೆ ಎಂಬಂತೆ ಹೇಳಿದರು: "ಇದು ಬಂದ್ರೆ ಆ ರೂಮಲ್ಲಿ ಆಳ್ ಎದಕ್ಕು? ಶೆಡ್ಡಲ್ಲಿ ಮುಳ್ ತೆಗೆಯೋಕೆ ಜನ ಸಾಲ್ತಿಲ್ಲ."

ನಾನು ತಲೆಯಾಡಿಸಿದೆ. ಆಡಿಸಿದ್ದು ಹೌದೆಂದೋ, ಕೇಳಿಸಿತೆಂದೋ, ಅವರಿಗೂ ಬೇಕಿರಲಿಲ್ಲ.

ಬಿಳಿಯ ಡಬ್ಬಿಯ ವಿಷಯ. ಅದರಲ್ಲಿ ಚಿತ್ರ ತಡವಾಗಿ ಬರುತ್ತಿತ್ತು. ನಾನು ಹೊಸೂರಿನಲ್ಲಿ ಮೌಸ್ ಸರಿಸಿದರೆ ಬಾಣದ ಗುರುತು ಅರ್ಧ ಉಸಿರು ಕಳೆದು ಹೊರಡುತ್ತಿತ್ತು, ನಿಲ್ಲಿಸಿದ ಮೇಲೂ ಇನ್ನಷ್ಟು ದೂರ ಹೋಗುತ್ತಿತ್ತು. ಉದ್ದನಪಲ್ಲಿಯಲ್ಲಿ ಕುರ್ಚಿಯ ಮೇಲೆ ಕೂತ ಗೌರಮ್ಮನಿಗೆ ಅದು ತಾನಾಗಿ ನಡೆಯುವ ಬಾಣ.

"ಸಾರ್, ನೀವು ಬಂದ್ರಾ?" ಎಂದು ಫೋನಿನಲ್ಲಿ ಕೇಳಿದಳು. "ಕೆರೆ ನೀರ್ನಾಗೆ ನಡೀತಿರೋರಂಗೆ ಬತ್ತಿದ್ದೀರಿ."

ಆ ಡಬ್ಬಿಯನ್ನು ಕೆಡಿಸಿದ್ದು ಮಾತ್ರ ಈ ನಿಧಾನವಲ್ಲ. ಒಂದು ಮಧ್ಯಾಹ್ನ ಕಂಪ್ಯೂಟರನ್ನು ಪೂರ್ತಿ ಆರಿಸಿ ಮತ್ತೆ ಎಬ್ಬಿಸಲು ನೋಡಿದೆ. ಏಳಲಿಲ್ಲ. ಗೌರಮ್ಮ ಹೇಳಿದಳು, "ಆರಿಲ್ಲ ಸಾರ್ ಅದು. ಕೀಬೋರ್ಡ್ನಾಗೆ ಹಸ್ರು ದೀಪ ಇನ್ನೂ ಉರೀತೈತೆ." ಬೈಕ್ ಹತ್ತಿ ಹೋಗಿ ನೋಡಿದೆ, ನಿಜ. ಡಬ್ಬಿ ತನಗೆ ಬಂದ ಕರೆಂಟನ್ನು ತಂತಿಯ ಮೂಲಕ ಹಿಂದಕ್ಕೆ ಕಂಪ್ಯೂಟರಿಗೇ ಸ್ವಲ್ಪ ಸ್ವಲ್ಪ ಕುಡಿಸುತ್ತಿತ್ತು. ಸಾಯಲೂ ಬಿಡದೆ ಏಳಲೂ ಬಿಡದೆ ಹಿಡಿದುಕೊಂಡಿತ್ತು. ತಂತಿ ಕಿತ್ತ ಮೇಲೆ ಹಸಿರು ದೀಪ ಆರಿತು. ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ನೀವು ಪರೀಕ್ಷೆ ಮಾಡುವಾಗ ಪೂರ್ತಿ ಆರಿಸಿ ನೋಡುವುದನ್ನು ಮರೆಯಬೇಡಿ.

ಕರಿಯ ಡಬ್ಬಿ ಚುರುಕಾಗಿತ್ತು, ಚಿತ್ರ ಕನ್ನಡಿಯ ಹಾಗೆ. ಒಂದು ವಾರ ಅದೇ ಸರಿ ಎಂದುಕೊಂಡಿದ್ದೆ. ಊಟದ ಹೊತ್ತಿನಲ್ಲಿ ಬೇರೇನೋ ಹುಡುಕುತ್ತಾ ರೌಟರಿನ ದಾಖಲೆ ತೆರೆದಾಗ, ಯಾರೂ ಏನೂ ಮಾಡದಿದ್ದರೂ ಆ ಡಬ್ಬಿ ಕೆಲವು ನಿಮಿಷಗಳಿಗೊಮ್ಮೆ ನಾವು ಕೇಳರಿಯದ ಒಂದು ವಿಳಾಸದ ಬಾಗಿಲು ತಟ್ಟುತ್ತಿರುವುದು ಕಂಡಿತು. ಅದೂ ಅಲ್ಲದೆ, ಜೊತೆಗೆ ಬಂದ ಚೀಟಿಯಲ್ಲಿದ್ದ ಗುಪ್ತಪದ ಆ ಕಂಪನಿಯ ಎಲ್ಲ ಡಬ್ಬಿಗಳಿಗೂ ಒಂದೇ.

ಸೆಲ್ವಂ ಸಾರ್ ನಕ್ಕರು. "ನಮ್ಮ ರೋಜಾ ಎಷ್ಟು ಕೂಲ್ ಆಗಿದೆ ಅಂತ ತಿಳ್ಕೊಂಡು ಅವನಿಗೆ ಏನು ಲಾಭಂ ಸಾರ್?"

"ತಣುಪು ತಿಳ್ಕೊಳ್ಳೋದಲ್ಲ ಸಾರ್. ಈ ಡಬ್ಬಿ ಕೀಬೋರ್ಡಿನ ಜಾಗದಲ್ಲಿ ಕೂತಿದೆ. ಇದಕ್ಕೆ ದಾರಿ ಗೊತ್ತಾದವನು ನಮ್ಮ ಕುರ್ಚಿಯಲ್ಲೇ ಕೂತ ಹಾಗೆ."

"ಅಪ್ಪಡಿಯಾ?" ಎಂದು ಅವರು ಅದನ್ನು ಬೆರಳ ತುದಿಯಿಂದ ದೂರ ಸರಿಸಿದ್ದು ಚೆನ್ನಾಗಿ ನೆನಪಿದೆ. ಸತ್ತ ಜಿರಳೆ ಸರಿಸುವ ಹಾಗೆ.

ಮೂರನೆಯದಕ್ಕೆ ಡಬ್ಬಿಯೇ ಇರಲಿಲ್ಲ. ಬರಿಯ ಹಸಿರು ಹಲಗೆ, ಅದರ ಮೇಲೆ ಚುಕ್ಕಿಗಳಂತೆ ಬಿಡಿಭಾಗಗಳು. ಮೂರರಲ್ಲಿ ಅತ್ಯಂತ ಅಗ್ಗ. ಅದನ್ನು ಒಂದು ಪ್ಲಾಸ್ಟಿಕ್ ಸೋಪಿನ ಡಬ್ಬಿಯೊಳಗೆ ಇಟ್ಟು ಮುಚ್ಚಿದೆ. ಎರಡೇ ದಿನದಲ್ಲಿ ಮುಚ್ಚಳದ ಒಳಮೈಯಲ್ಲಿ ಬೆವರಿನ ಹನಿ. ಕೋಲ್ಡ್ ರೂಮಿನ ಬಾಗಿಲು ತೆಗೆದಾಗಲೆಲ್ಲ ಹೊರಬರುವ ತಣ್ಣನೆ ಗಾಳಿ, ಈ ಹಲಗೆಯ ಬಿಸಿ, ಎರಡೂ ಸೇರಿ ಒಳಗೆ ಮಂಜು. ಗೌರಮ್ಮ ನೋಡಿ, "ಪಾಪ, ಉಸ್ರಾಡೋಕೆ ತೂತಾದ್ರೂ ಬ್ಯಾಡ್ವಾ ಸಾರ್?" ಎಂದಳು. ಮೊಳೆ ಕಾಯಿಸಿ ತಂದು, ಮುಚ್ಚಳಕ್ಕೆ ಸಾಲಾಗಿ ತೂತು ಹಾಕಿಕೊಟ್ಟಳು. ರಂಗೋಲಿ ಹಾಕುವವರ ಚುಕ್ಕಿಗಳಷ್ಟು ನೇರವಾಗಿತ್ತು ಸಾಲು. ಆಮೇಲೆ ಬೆವರಲಿಲ್ಲ.

ತೂತು ಹಾಕುತ್ತಲೇ ಕೇಳಿದಳು. ತಲೆ ಎತ್ತಲಿಲ್ಲ.

"ಇದು ಪಾಸಾಗ್ಬುಟ್ರೆ ನಾನು ವಾಪಸ್ ಮುಳ್ಳಿಗೆ, ಅಲ್ವಾ ಸಾರ್?"

"ಯಾರು ಹೇಳಿದ್ದು?"

"ಹೇಳೋದೇನೈತೆ. ಶೆಡ್ನಾಗೆ ಎಲ್ರೂ ಕೇಳ್ತಾವ್ರೆ, ಏನ್ ಗೌರಕ್ಕ, ಕುರ್ಚಿ ಬಿಟ್ಟು ಮೂಟೆ ಕಟ್ತಿದ್ದೀಯಾ ಅಂತ."

"ಅದು ನನ್ನ ಕೈಲಿಲ್ಲಮ್ಮ. ಕೆಲಸ ಮಾಡುತ್ತೋ ಇಲ್ವೋ ಅಂತ ಬರೆಯೋದು ಅಷ್ಟೇ ನಾನು."

"ಹೂಂ. ಅಷ್ಟೇ ನೀವು" ಎಂದಳು, ಮೊಳೆಯನ್ನು ನೀರಿಗೆ ಅದ್ದಿ. ಚುಂಯ್ ಎಂದಿತು.

ಆ ಹಲಗೆ ಚೆನ್ನಾಗಿಯೇ ಕೆಲಸ ಮಾಡಿತು. ಹೊರಗಿನ ಯಾರ ಬಾಗಿಲನ್ನೂ ತಟ್ಟಲಿಲ್ಲ, ಕರೆಂಟನ್ನು ಹಿಂದಕ್ಕೆ ಕುಡಿಸಲಿಲ್ಲ. ನೇರವಾಗಿ ಇಂಟರ್ನೆಟ್ಟಿಗೆ ಒಡ್ಡದೆ ನಮ್ಮದೇ ಮುಚ್ಚಿದ ದಾರಿಯಲ್ಲಿ ಅದನ್ನು ಇಟ್ಟಿದ್ದೆ. ಕೆಲವು ಮಧ್ಯಾಹ್ನ ಕಚೇರಿಯಲ್ಲಿ ಕೂತು ಸುಮ್ಮನೆ ಉದ್ದನಪಲ್ಲಿಯ ಪರದೆ ನೋಡುತ್ತಿದ್ದೆ. ತಣುಪಿನ ಗೆರೆ ಮೆಲ್ಲಗೆ ಏರುತ್ತಾ ಇಳಿಯುತ್ತಾ ಹೋಗುತ್ತಿತ್ತು, ಮಲಗಿದವರ ಎದೆಯ ಹಾಗೆ. ನನ್ನ ದೇಹ ಒಂದು ಕಡೆ, ಕೈ ಇನ್ನೊಂದು ಕಡೆ. ಮನೆಗೆ ಹೋಗಿ ಊಟಕ್ಕೆ ಕೂತಾಗ ಕೈ ಇನ್ನೂ ಬಂದು ಸೇರಿಲ್ಲ ಅನಿಸುತ್ತಿತ್ತು. ನಾನು ಬಾಣವನ್ನು ಸುಮ್ಮನೆ ಅಲುಗಿಸಿದರೆ ಅಲ್ಲಿ ಅವಳು ಗುರುತಿಸುತ್ತಿದ್ದಳು. ಒಂದು ಸಲ ಫೋನ್ ಮಾಡಿ, "ಇವತ್ತು ಏನೋ ಯೋಚ್ನೆ ಮಾಡ್ತಾವ್ರೆ ಸಾರು, ಒಂದೇ ಕಡೆ ಸುತ್ತಾ ಇದ್ದೀರಿ" ಎಂದಳು. ಹೌದು, ಯೋಚನೆಯಲ್ಲಿದ್ದೆ. ಯಾವುದರ ಯೋಚನೆ ಎಂದು ಮಾತ್ರ ಮರೆತಿದೆ.

ಒಂದೇ ಪರೀಕ್ಷೆ ಉಳಿದಿತ್ತು. ಕಂಪ್ಯೂಟರಿನ ಸ್ವಿಚ್ಚಿಗೆ ಎರಡು ತಂತಿ ಎಳೆದು ಹಲಗೆಗೆ ಸೇರಿಸಿದ್ದೆ. ಬಹಳ ಹೊತ್ತು ಪೂರ್ತಿ ಆರಿದ್ದ ಕಂಪ್ಯೂಟರನ್ನು ದೂರದಿಂದಲೇ ಎಬ್ಬಿಸಿ, ಗುಪ್ತಪದ ಕೊಟ್ಟು, ತಣುಪಿನ ಗೆರೆ ಕಾಣುವವರೆಗೆ ತರಬೇಕು. ಆದರೆ ಆ ಕಂಪ್ಯೂಟರ್ ಅಷ್ಟು ಹೊತ್ತು ಆರುವುದು ವರ್ಷಕ್ಕೆ ಒಂದೇ ದಿನ, ಆಯುಧಪೂಜೆಗೆ. ಅವತ್ತೊಂದು ದಿನ ತಣುಪಿನ ಯಂತ್ರ ಕಂಪ್ಯೂಟರಿನ ಅಪ್ಪಣೆಯಿಲ್ಲದೆ, ಕೈಯಲ್ಲಿ ತಿರುಗಿಸಿಟ್ಟ ತನ್ನ ಹಳೆಯ ಗುಂಡಿಯ ಮೇಲೆ ನಡೆಯುತ್ತದೆ. ಕಂಪ್ಯೂಟರನ್ನು ಒರೆಸಿ, ಗಂಧ ಕುಂಕುಮ ಹಚ್ಚಿ, ಆರಿಸಿ ಬಿಡುತ್ತಾರೆ. ಪೂಜೆಯಾದ ಮೇಲೆ ಮಾರನೆಯ ದಿನದವರೆಗೆ ಯಾವ ಉಪಕರಣವನ್ನೂ ಯಾರೂ ಮುಟ್ಟುವುದಿಲ್ಲ. ಸೌದೆ ಕಡಿಯುವ ಕೊಡಲಿಗೂ ಆ ದಿನ ವಿಶ್ರಾಂತಿ.

ಎರಡು ದಿನ ಮುಂಚೆ ಗೌರಮ್ಮನಿಗೆ ಹೇಳಿದೆ, ಅವತ್ತು ಹನ್ನೊಂದು ಗಂಟೆಗೆ ನಾನು ಮನೆಯಿಂದಲೇ ಎಬ್ಬಿಸಿ ನೋಡುತ್ತೇನೆ ಎಂದು.

"ಅವತ್ ಮುಟ್ಟಂಗಿಲ್ಲ ಸಾರ್!"

"ನಾನೆಲ್ಲಿ ಮುಟ್ತೀನಮ್ಮ? ನಾನು ಹೊಸೂರಲ್ಲಿ, ಆಲಸನತ್ತಂ ಮನೇಲಿ ಇರ್ತೀನಿ."

"ಇಲ್ಲೀಗಂಟ ಕೈ ಚಾಚ್ತೀರಲ್ಲ, ಅದು ಮುಟ್ಟಿದಂಗಲ್ವಾ?"

"ಅದು ಕೈಯಲ್ಲ, ಸಿಗ್ನಲ್ಲು."

"ಏನೋಪ್ಪ. ದೇವ್ರಿಗೆ ಸಿಗ್ನಲ್ ತಿಳೀದಾ?" ಎಂದು ನಕ್ಕಳು. ನಕ್ಕದ್ದು ನಿಜ. ಆ ನಗುವಿನ ಬಣ್ಣ ಯಾವುದು ಎಂದು ಮಾತ್ರ ನನ್ನಿಂದ ಹೇಳಲಾಗದು.

ಆ ದಿನ ಬೆಳಿಗ್ಗೆ ಬೀದಿಯ ತುಂಬಾ ಬೂದುಗುಂಬಳದ ಚೂರು, ಕುಂಕುಮ, ಗಾಡಿಗಳಿಗೆ ಬಾಳೆಕಂದು. ಮನೆಯಲ್ಲಿ ಕಡಲೆಪುರಿಯ ತಟ್ಟೆ ಪಕ್ಕಕ್ಕಿಟ್ಟುಕೊಂಡು ಲ್ಯಾಪ್‌ಟಾಪ್ ತೆರೆದೆ. ನಮ್ಮ ಮನೆಯಾಕೆ ಅದಕ್ಕೂ ಒಂದು ಬೊಟ್ಟು ಇಟ್ಟಿದ್ದಳು, ಅದನ್ನು ಒರೆಸಲಿಲ್ಲ. ಉದ್ದನಪಲ್ಲಿಯ ಯಂತ್ರಕ್ಕೆ ಏಳು ಎಂದೆ. ಎದ್ದಿತು. ಮೊದಲು ಕಪ್ಪು ಪರದೆಯಲ್ಲಿ ಕೀಬೋರ್ಡಿನದೇನೋ ತಕರಾರು ಬಂತು, ದಾಟಿಸಿದೆ. ತಿಳಿನೀಲಿ ಬಂತು. ಗುಪ್ತಪದದ ಬಿಳಿಯ ಚೌಕ ಬಂತು. ನಾನು ಇನ್ನೂ ಬೆರಳು ಇಟ್ಟಿರಲಿಲ್ಲ, ಆ ಚೌಕದೊಳಗೆ ಕಪ್ಪು ಚುಕ್ಕಿಗಳು ತಾವಾಗಿ ಬರತೊಡಗಿದವು. ಒಂದರ ಹಿಂದೆ ಒಂದು, ಇರುವೆ ಸಾಲಿನ ಹಾಗೆ. ಅಳಿಸಿದೆ, ಮತ್ತೆ ಬಂದವು. ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತಾ ಕೂತೆ. ಬೀಗ ಹಾಕಿದ, ಯಾರೂ ಇಲ್ಲದ ಕೋಣೆಯಲ್ಲಿ ಯಾರೋ ಒಂದೇ ಗುಂಡಿಯನ್ನು ಒತ್ತಿ ಹಿಡಿದಿದ್ದರು. ಎಷ್ಟು ಹೊತ್ತು ನೋಡಿದೆನೋ, ಪುರಿ ಮೆತ್ತಗಾಗಿತ್ತು.

ಇಲ್ಲಿ ನನ್ನ ತಪ್ಪನ್ನು ಬಿಡಿಸಿ ಬರೆಯಬೇಕು. ಆ ಹಲಗೆಯನ್ನು ನಡೆಸಲು ಲ್ಯಾಪ್‌ಟಾಪಿನಲ್ಲಿ ತೆರೆಯುವ ಪುಟದಲ್ಲಿ ಒಂದು ಗುಂಡಿಯಿತ್ತು: ಹಲಗೆಯ ಕೀಬೋರ್ಡನ್ನು ಕಂಪ್ಯೂಟರಿನಿಂದ ಬಿಡಿಸುವ ಗುಂಡಿ. ಅದನ್ನು ಒತ್ತಿದ ಮೇಲೂ ಚುಕ್ಕಿಗಳು ಬರುತ್ತಿದ್ದರೆ ದೋಷ ಹಲಗೆಯದಲ್ಲ, ಬೇರೆ ಎಲ್ಲೋ ಇದೆ ಎಂದು ತಿಳಿಯುತ್ತಿತ್ತು. ಕ್ಷಣದ ಕೆಲಸ. ನಾನು ಒತ್ತಲಿಲ್ಲ. ಹೊಳೆಯಲಿಲ್ಲ ಎಂದು ಬಹಳ ದಿನ ನನಗೇ ಹೇಳಿಕೊಂಡೆ. ಆದರೆ ಬೇರೆ ಎರಡು ಡಬ್ಬಿಗಳಿಗೆ ಅದೇ ಪರೀಕ್ಷೆ ತಾನಾಗಿ ಹೊಳೆದಿತ್ತು, ಮಾಡಿದ್ದೆ, ಟಿಪ್ಪಣಿ ಪುಸ್ತಕದಲ್ಲಿದೆ. ವರದಿಯಲ್ಲಿ ಬರೆದೆ: ಮೂರನೆಯ ಸಾಧನ ತಾನಾಗಿ ಗುಂಡಿ ಒತ್ತುತ್ತದೆ, ಬಳಸಲು ಯೋಗ್ಯವಲ್ಲ. ಮೂರೂ ಬೇಡವಾದವು. ಸೆಲ್ವಂ ಸಾರ್, "ಸರಿ, ವಿಡುಂಗೊ" ಎಂದರು. ಗೌರಮ್ಮನ ಕುರ್ಚಿ ಅಲ್ಲೇ ಉಳಿಯಿತು. ನನಗೆ ಸಮಾಧಾನವಾಯಿತು ಎಂದು ಬರೆದರೆ ಪೂರ್ತಿ ಸುಳ್ಳಾಗುವುದಿಲ್ಲ.

ಹತ್ತು ಹದಿನೈದು ದಿನ ಕಳೆದು ಹಲಗೆಯನ್ನು ಬಿಚ್ಚಿ ತರಲು ಉದ್ದನಪಲ್ಲಿಗೆ ಹೋದೆ. ಗೌರಮ್ಮ ತನ್ನ ಫೋನಿನಲ್ಲಿ ಪೂಜೆಯ ಫೋಟೋ ತೋರಿಸಿದಳು. "ನೋಡಿ ಸಾರ್, ನಮ್ ಕಂಪ್ಯೂಟರು ಮದ್ವೆ ಹೆಣ್ಣಂಗೆ ಐತೆ." ಮಾನಿಟರಿಗೆ ಸೇವಂತಿಗೆ ಹಾರ, ಮೂರು ಗೆರೆ ವಿಭೂತಿ. ಕೀಬೋರ್ಡಿನ ಮೇಲೆ, ಸರಿಯಾಗಿ ನಡುವೆ, ಅರಿಸಿನ ಬಳಿದ ಒಂದು ದೊಡ್ಡ ತೆಂಗಿನಕಾಯಿ.

ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದೆ.

"ಕಾಯಿ ಯಾಕಮ್ಮ ಇಲ್ಲಿಟ್ಟೆ?"

"ಪೂಜೆಗೆ ಕಾಯಿ ಇಡ್ದೆ ಇನ್ನೇನಿಡ್ತಾರೆ?"

"ಕೀಬೋರ್ಡ್ ಮೇಲೆ?"

"ವರ್ಸಾ ವರ್ಸಾ ಮಾನಿಟ್ರು ಬುಡ್ದಾಗೆ ಇಡ್ತಿದ್ದೆ. ಈ ಸಲ ಅಲ್ಲಿ ನಿಮ್ ಸೋಪ್ ಡಬ್ಬಿ, ಅದ್ರ ವೈರು, ಎಲ್ಲಾ ಕೂತಿತ್ತಲ್ಲ."

ಕಾಯಿಯ ಭಾರಕ್ಕೆ ಗುಂಡಿ ಒತ್ತಿಕೊಂಡು ಹಾಗೆ ಆಯಿತು, ಹಲಗೆಯ ತಪ್ಪಿಲ್ಲ, ವರದಿಯನ್ನು ತಿದ್ದಬೇಕಾಗುತ್ತದೆ ಎಂದು ಹೇಳಿದೆ. ಅವಳು ಬೆರಳ ತುದಿಗಳನ್ನು ನೋಡಿಕೊಂಡಳು. ನಾಲ್ಕು ವರ್ಷದ ಕುರ್ಚಿಯಲ್ಲಿ ಅವು ಮಾಗಿ ನುಣ್ಣಗಾಗಿದ್ದವು.

"ತಿದ್ರಿ ಸಾರ್. ಸುಳ್ ಬರೀರಿ ಅಂತ ನಾನು ಕೇಳಾಕಿಲ್ಲ" ಎಂದಳು. "ಆದ್ರೆ ತಿದ್ದೋವಾಗ ಪೂರ್ತಿ ತಿದ್ರಿ. ಕಾಯಿ ಐತೆ ಅಂತ ನಿಮ್ ಡಬ್ಬಿಗೆ ಕಾಣಿಸ್ತಾ?"

"ಇಲ್ಲ. ಪರದೆ ಒಂದೇ ಅದಕ್ಕೆ ಕಾಣೋದು."

"ಕಂಡ್ರೂ ಎತ್ತಿ ಪಕ್ಕಕ್ಕೆ ಇಡ್ತಿತ್ತಾ?"

"ಇಲ್ಲ."

"ಅದನ್ನೂ ಬರೀರಿ ಮತ್ತೆ."

ಬರೆದೆ. ಅವಳ ಮಾತನ್ನು ನನ್ನ ಮಾತಿನ ಹಾಗೆ ಬರೆದೆ: ಸಾಧನ ಸರಿಯಾಗಿ ಕೆಲಸ ಮಾಡುತ್ತದೆ, ಮೊದಲ ವರದಿ ನನ್ನ ತಪ್ಪು, ಆದರೆ ಅದು ಪರದೆಯನ್ನು ಮಾತ್ರ ನೋಡಬಲ್ಲದು, ಮೇಜನ್ನು ನೋಡಲಾರದು, ಕಣ್ಣು ಮತ್ತು ಕೈ ಇರುವ ಒಬ್ಬರು ಬೇಕು. ಮೂವತ್ತು ಚಿಲ್ಲರೆ ವರ್ಷದಲ್ಲಿ ಬರೆದ ವರದಿಗಳಲ್ಲಿ ಇದೊಂದೇ ಓದುವ ಹಾಗಿತ್ತು. ಅದು ನನ್ನದಲ್ಲ.

ಸೆಲ್ವಂ ಸಾರ್ ಎರಡು ಸಲ ಓದಿದರು. ಮರುದಿನವೇ ಉದ್ದನಪಲ್ಲಿಗೆ ನನ್ನನ್ನೂ ಕೂರಿಸಿಕೊಂಡು ಹೊರಟರು. ಕೋಣೆಯ ಬಾಗಿಲಲ್ಲಿ ನಿಂತು, "ಯಾರು ಇಲ್ಲಿ ತೇಂಗಾಯ್ ವೆಚ್ಚದು?" ಎಂದರು.

ಗೌರಮ್ಮ ಎದ್ದು ನಿಂತಳು. "ನಾನೇ ಸಾರ್."

"ಏಮ್ಮಾ, ನಮ್ಮ ಆಫೀಸಲ್ಲಿ ನಿಂಬೆಹಣ್ಣು ತಾನೇ ಇಡೋದು, ಇಷ್ಟು ದೊಡ್ಡ ಕಾಯಾ?"

"ಯಂತ್ರ ದೊಡ್ದು ಸಾರ್, ಅದ್ಕೆ."

ಅವರಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಕೋಣೆಯನ್ನೆಲ್ಲ ಒಂದು ಸುತ್ತು ನೋಡಿದರು. ಆ ನೋಟದಲ್ಲಿ ಲೆಕ್ಕಾಚಾರ ಇತ್ತು. ಮೂರು ಕಡೆಗೂ ಆ ಹಲಗೆಗಳನ್ನು ಹಾಕಿಸಿ, ಮೂರು ಪರದೆಗಳೂ ಈ ಕೋಣೆಯಲ್ಲಿ ಕಾಣುವ ಹಾಗೆ ಮಾಡಿ, ಈಯಮ್ಮ ಇಲ್ಲಿ ಕೂತು ಮೂರನ್ನೂ ನೋಡಿಕೊಳ್ಳಲಿ, ಕಾಯಿ ಎತ್ತುವಂಥ ಕೆಲಸ ಬಂದರೆ ಆಯಾ ಶೆಡ್ಡಿನವರನ್ನು ಫೋನಿನಲ್ಲಿ ಕರೆಯಲಿ ಎಂದರು. ಗೌರಮ್ಮ ಕುರ್ಚಿಯ ಬೆನ್ನನ್ನು ಹಿಡಿದುಕೊಂಡೇ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ, "ಆ ಎರಡ್ ಕಡೆ ಕುರ್ಚಿನಾಗೆ ಕೂತಿರೋರು ಸಾರ್?" ಎಂದಳು. ಸೆಲ್ವಂ ಸಾರ್ ಫೋನ್ ಬಂತೆಂದು ಹೊರಗೆ ಹೋದರು. ಫೋನ್ ಬಂದಿತ್ತೋ ಇಲ್ಲವೋ, ಗಂಟೆಯ ಸದ್ದು ನನಗೆ ನೆನಪಿಲ್ಲ.

ರಾಯಕೋಟೆಯ ಆಚೆ ಕುರ್ಚಿಯಲ್ಲಿದ್ದವರೂ ಕೃಷ್ಣಗಿರಿಯಲ್ಲಿದ್ದವರೂ ಮುಳ್ಳಿನ ಸಾಲಿಗೆ ಹೋದರು. ಅವರಿಬ್ಬರಿಗೂ ನಾನು ಫೋನಿನಲ್ಲಿ ಗುಂಡಿ ಒತ್ತಿಸಿದ್ದೆ. ಧ್ವನಿ ಗೊತ್ತು, ಮುಖ ಗೊತ್ತಿಲ್ಲ. ಹಲಗೆಗಳನ್ನು ಹಾಕಲು ಹೋದ ದಿನ ಆ ಕುರ್ಚಿಗಳು ಖಾಲಿಯಿದ್ದವು. ಗೌರಮ್ಮನಿಗೆ ಮೌಸ್ ಹಿಡಿಯುವುದನ್ನು ಕಲಿಸಿದೆ, ವಾರದೊಳಗೆ ನನಗಿಂತ ಚುರುಕಾದಳು. ಅವಳ ಬಾಣ ಕೃಷ್ಣಗಿರಿಯ ಪರದೆಯ ಮೇಲೆ ಎಲ್ಲೂ ಸುತ್ತದೆ ನೇರವಾಗಿ ಹೋಗಿ ನಿಲ್ಲುವುದನ್ನು ಹೊಸೂರಿನಿಂದ ನೋಡುತ್ತಿದ್ದೆ. ನನ್ನ ಕಡೆಯ ತಿಂಗಳಲ್ಲಿ ನಾನು ಮಾಡಿದ್ದು ಬಹುಪಾಲು ಅಷ್ಟೇ, ನೋಡುವುದು.

ಆ ಫೋಟೋವನ್ನು ಅವಳಿಂದ ಕೇಳಿ ಕಳಿಸಿಕೊಂಡಿದ್ದೆ, ವರದಿಗೆ ಬೇಕೆಂದು. ಇದನ್ನು ಬರೆಯುವ ಮುಂಚೆ ಮತ್ತೆ ತೆಗೆದು ನೋಡಿದೆ. ಅವಳು ಹೇಳಿದ್ದು ಸುಳ್ಳಲ್ಲ, ಮಾನಿಟರಿನ ಬುಡದಲ್ಲಿ ಸೋಪಿನ ಡಬ್ಬಿ ಕೂತಿದೆ, ಕಾಯಿಗೆ ಅಲ್ಲಿ ಜಾಗವಿಲ್ಲ. ಆದರೆ ಮೇಜಿನ ಬಲಗಡೆ ಒಂದು ಗೇಣಿಗಿಂತ ಹೆಚ್ಚು ಜಾಗ ಖಾಲಿ ಇದೆ. ಹನ್ನೊಂದು ಗಂಟೆಗೆ ನಾನು ಎಬ್ಬಿಸುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ಜಾಗ ಕಾಣದೆ ಇಟ್ಟಳೋ, ವಿಶ್ರಾಂತಿಯ ದಿನ ಯಂತ್ರವನ್ನು ಯಾರೂ ಮುಟ್ಟದಿರಲಿ ಎಂದು ಇಟ್ಟಳೋ, ಕುರ್ಚಿಗಾಗಿ ಇಟ್ಟಳೋ ನನಗೆ ಗೊತ್ತಿಲ್ಲ. ಅವತ್ತು ಆ ಒಂದು ಗುಂಡಿಯನ್ನು ನಾನು ಯಾಕೆ ಒತ್ತಲಿಲ್ಲ ಎಂಬುದೂ ಗೊತ್ತಿಲ್ಲ. ಅವಳನ್ನು ಕೇಳಬಹುದಿತ್ತು. ಕೇಳಿದ್ದರೆ ಅವಳೂ ನನ್ನನ್ನು ಕೇಳುತ್ತಿದ್ದಳು.